‘ನಾರ್ಮಲ್’ ಎಂದರೆ ‘ಏನೂ ತೊಂದರೆ ಇಲ್ಲ’ ಎಂದರ್ಥವೇ? ಒಂದು ಇಂಗ್ಲಿಷ್ ವಿಶೇಷಣದ ಸರಿಯಾದ ಬಳಕೆ

ಜೇವರ್ಗಿ ತಾಲೂಕಿನ ಅಂದೋಲಾದಂಥ ಊರಿನಿಂದ ಯಾರಾದರೂ ಕಲಬುರಗಿಯ ಆಸ್ಪತ್ರೆಗೆ ಹೋಗಿ ಬಂದರೆ ನೆರೆಹೊರೆಯವರು ಕೇಳುವ ಮೊದಲ ಪ್ರಶ್ನೆ, “ರಿಪೋರ್ಟ್ ಏನ್ ಬಂತ್ರಿ?” ಅದಕ್ಕೆ ಬರುವ ಉತ್ತರವೂ ಹೆಚ್ಚು ಕಡಿಮೆ ಒಂದೇ, “ಎಲ್ಲಾ ನಾರ್ಮಲ್ ಅದ ರೀ.” ಅಲ್ಲಿಗೆ ಮಾತು ಮುಗಿಯುತ್ತದೆ. ಯಾವ ಪರೀಕ್ಷೆ, ಯಾವ ಸಂಖ್ಯೆ, ಎಷ್ಟಿದ್ದರೆ ನಾರ್ಮಲ್ ಎಂದು ಮುಂದೆ ಯಾರೂ ಕೇಳುವುದಿಲ್ಲ.

ಇಂಗ್ಲಿಷ್ ಬಾರದವರೂ ದಿನಕ್ಕೆ ಹತ್ತು ಸಲ ಬಳಸುವ ಪದ ಇದು. ಬಿಪಿ ನಾರ್ಮಲ್, ಶುಗರ್ ನಾರ್ಮಲ್, ನಾರ್ಮಲ್ ಡೆಲಿವರಿ, ನಾರ್ಮಲ್ ಸಲೈನ್, ನಾರ್ಮಲ್ ಮಳೆ. ಇವೆಲ್ಲದರಲ್ಲೂ ಪದ ಒಂದೇ ಆದರೂ ಅರ್ಥ ಒಂದೇ ಅಲ್ಲ. ಆ ವ್ಯತ್ಯಾಸ ತಿಳಿಯದಿದ್ದರೆ ಇಂಗ್ಲಿಷ್ ವಾಕ್ಯ ತಪ್ಪಾಗುವುದು ಸಣ್ಣ ಮಾತು. ಕೆಲವೊಮ್ಮೆ ಕಾಯಿಲೆಯೇ ಕಣ್ತಪ್ಪಿಸಿಕೊಂಡು ಹೋಗುತ್ತದೆ.

ಚುಟುಕಾಗಿ ಹೇಳುವುದಾದರೆ

- ‘ನಾರ್ಮಲ್’ ಎಂಬುದು ಹೋಲಿಕೆಯ ಮಾತು. ಯಾವುದೋ ಒಂದು ಅಳತೆಗೆ ಹೋಲಿಸಿ ಮಾತ್ರ ಒಂದು ವಸ್ತುವನ್ನು ನಾರ್ಮಲ್ ಎನ್ನಬಹುದು.
- ‘ನಾರ್ಮಲ್’ ಮತ್ತು ‘ಕಾಮನ್’ ಬೇರೆ ಬೇರೆ. ಬಹಳ ಜನರಿಗೆ ಇರುವುದೆಲ್ಲ ಆರೋಗ್ಯಕರವಲ್ಲ.
- ಕನ್ನಡದ ‘ಸಾಮಾನ್ಯ’ ಈ ಎರಡೂ ಅರ್ಥವನ್ನು ಕೊಡುವುದರಿಂದ ನಮ್ಮಲ್ಲಿ ಗೊಂದಲ ಹೆಚ್ಚು.
- ಒಂದು ಪರೀಕ್ಷೆ ನಾರ್ಮಲ್ ಬಂದರೆ ಆ ಪರೀಕ್ಷೆ ಅಳೆದ ವಿಷಯ ಮಾತ್ರ ನಾರ್ಮಲ್. ಇಡೀ ದೇಹವಲ್ಲ.

ಈ ಪದ ಬಂದದ್ದೆಲ್ಲಿಂದ?

ಲ್ಯಾಟಿನ್ ಭಾಷೆಯಲ್ಲಿ ‘ನಾರ್ಮಾ’ ಎಂದರೆ ಬಡಗಿಯ ಮೂಲೆಮಟ್ಟ. ಬಾಗಿಲ ಚೌಕಟ್ಟಿನ ಮೂಲೆ ಸರಿಯಾಗಿ 90 ಡಿಗ್ರಿ ಇದೆಯೇ ಎಂದು ನೋಡಲು ಬಡಗಿ ಇಟ್ಟು ನೋಡುವ ಸಾಧನ ಅದು. ಮೂಲೆಮಟ್ಟಕ್ಕೆ ಸರಿಹೊಂದಿದ್ದು ‘ನಾರ್ಮಲ್’. ಗಣಿತದಲ್ಲಿ ಈ ಹಳೆಯ ಅರ್ಥ ಇಂದಿಗೂ ಉಳಿದಿದೆ. ಒಂದು ಮೇಲ್ಮೈಗೆ ಲಂಬವಾಗಿರುವ ರೇಖೆಯನ್ನು ಇಂಗ್ಲಿಷಿನಲ್ಲಿ ‘ನಾರ್ಮಲ್’ ಎನ್ನುತ್ತಾರೆ.

ಮೂಲೆಮಟ್ಟದಿಂದ ಪದ ‘ಮಾದರಿ, ನಿಯಮ’ ಎಂಬ ಅರ್ಥಕ್ಕೆ ಹಬ್ಬಿತು. 19ನೆಯ ಶತಮಾನದಲ್ಲಿ ನಮ್ಮ ದೇಶದಲ್ಲೂ ಶಿಕ್ಷಕರ ತರಬೇತಿ ಶಾಲೆಗಳನ್ನು ‘ನಾರ್ಮಲ್ ಸ್ಕೂಲ್’ ಎಂದು ಕರೆಯುತ್ತಿದ್ದರು. ಅವು ಬೋಧನೆಯ ಮಾದರಿಯನ್ನು ಕಲಿಸುವ ಶಾಲೆಗಳಾಗಿದ್ದವು. ‘ಎಂದಿನಂತೆ ಇರುವುದು, ವಾಡಿಕೆಯದು’ ಎಂಬ ಇಂದಿನ ಅರ್ಥ ಬಲವಾದದ್ದೂ ಅದೇ ಶತಮಾನದಲ್ಲಿ.

ಹೀಗೆ ಈ ಪದದೊಳಗೆ ಎರಡು ಅರ್ಥ ಸೇರಿಕೊಂಡಿವೆ. ಒಂದು, ‘ಹೇಗಿರಬೇಕೋ ಹಾಗಿದೆ’. ಇನ್ನೊಂದು, ‘ಹೆಚ್ಚಿನವರಲ್ಲಿ ಹೇಗಿದೆಯೋ ಹಾಗಿದೆ’. ಮುಂದಿನ ಗೊಂದಲವೆಲ್ಲ ಹುಟ್ಟುವುದು ಈ ಎರಡರ ನಡುವೆ.

ಕನ್ನಡದಲ್ಲಿ ‘ಸಾಮಾನ್ಯ’ ಒಂದು, ಇಂಗ್ಲಿಷಿನಲ್ಲಿ ನಾಲ್ಕು

ನಾವು ‘ಸಾಮಾನ್ಯ’ ಎಂದು ಬಳಸುವ ಕಡೆಗಳನ್ನು ಗಮನಿಸಿ. ‘ಸಾಮಾನ್ಯ ಜನ’ ಎಂದರೆ ಇಂಗ್ಲಿಷಿನಲ್ಲಿ ‘ಆರ್ಡಿನರಿ ಪೀಪಲ್’. ‘ಸಾಮಾನ್ಯ ವರ್ಗ’ ಎಂದರೆ ‘ಜನರಲ್ ಕೆಟಗರಿ’. ‘ಮಳೆಗಾಲದಲ್ಲಿ ನೆಗಡಿ ಸಾಮಾನ್ಯ’ ಎಂದರೆ ‘ಕಾಮನ್’. ‘ರಕ್ತದೊತ್ತಡ ಸಾಮಾನ್ಯವಾಗಿದೆ’ ಎಂದರೆ ‘ನಾರ್ಮಲ್’. ನಾಲ್ಕು ಪದಗಳು ಮಾಡುವ ಕೆಲಸವನ್ನು ಕನ್ನಡದಲ್ಲಿ ಒಂದೇ ಪದ ಮಾಡುತ್ತದೆ. ಮಾತಿನ ಸಂದರ್ಭದಿಂದ ಅರ್ಥ ತಿಳಿಯುವುದರಿಂದ ಕನ್ನಡದಲ್ಲಿ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಆರೋಗ್ಯದ ವಿಷಯದಲ್ಲಿ ಮಾತ್ರ ಆಗುತ್ತದೆ.

ರಕ್ತಹೀನತೆಯನ್ನೇ ನೋಡೋಣ. 2019–21ರಲ್ಲಿ ನಡೆದ 5ನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ 47.8% ಮಂದಿಗೆ ರಕ್ತಹೀನತೆ ಇದೆ. ಅಂದರೆ ಹೆಚ್ಚು ಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ಇಷ್ಟು ಜನರಿಗೆ ಇದ್ದಮೇಲೆ ಸುಸ್ತು, ತಲೆಸುತ್ತು, ಮೆಟ್ಟಿಲು ಹತ್ತಿದರೆ ಏದುಸಿರು ಇವೆಲ್ಲ ಮನೆಮನೆಯಲ್ಲೂ ಕಾಣುತ್ತವೆ. ಆಗ “ಹೆಣ್ಮಕ್ಕಳಿಗಿ ಇದೆಲ್ಲ ನಾರ್ಮಲ್ ಬಿಡ್ರಿ” ಎಂಬ ಮಾತು ಬರುತ್ತದೆ.

ಇಲ್ಲಿ ಬೇಕಾಗಿದ್ದ ಪದ ‘ಕಾಮನ್’. ರಕ್ತಹೀನತೆ ನಮ್ಮಲ್ಲಿ ಕಾಮನ್, ಆದರೆ ಅದು ನಾರ್ಮಲ್ ಅಲ್ಲ. ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಗಂಡಸರಿಗೆ ಈ ಗಡಿ 13. ಗರ್ಭಿಣಿಯರಿಗೆ ನಮ್ಮ ದೇಶದ ಆರೋಗ್ಯ ಕಾರ್ಯಕ್ರಮಗಳಲ್ಲಿ ಬಳಸುವ ಗಡಿ 11. ಊರಿನ ಅರ್ಧ ಮಹಿಳೆಯರಿಗೆ 10 ಇದ್ದರೂ ಗಡಿ 10ಕ್ಕೆ ಇಳಿಯುವುದಿಲ್ಲ. ಎಲ್ಲರ ಬಾಗಿಲೂ ಸೊಟ್ಟಗಿದ್ದರೆ ಬಡಗಿ ಮೂಲೆಮಟ್ಟವನ್ನು ಬಗ್ಗಿಸುವುದಿಲ್ಲವಲ್ಲ, ಹಾಗೆ.

ಗರ್ಭಿಣಿಯಲ್ಲಿ ತೀವ್ರ ರಕ್ತಹೀನತೆ ಇದ್ದರೆ ಹೆರಿಗೆಯಲ್ಲಾಗುವ ರಕ್ತಸ್ರಾವವನ್ನು ದೇಹ ತಾಳುವುದು ಕಷ್ಟ. ಮಗು ಅವಧಿಗೆ ಮೊದಲೇ ಹುಟ್ಟುವ, ತೂಕ ಕಡಿಮೆಯಾಗುವ ಸಾಧ್ಯತೆಯೂ ಹೆಚ್ಚು. ಪರೀಕ್ಷೆಯಾಗಲಿ ಚಿಕಿತ್ಸೆಯಾಗಲಿ ದುಬಾರಿಯಲ್ಲ. 2018ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಡಿ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಸರ್ಕಾರವೇ ಕೊಡುತ್ತದೆ. ಗರ್ಭಿಣಿಯರು ಮೂರು ತಿಂಗಳು ತುಂಬಿದ ಮೇಲೆ ದಿನಕ್ಕೊಂದರಂತೆ 180 ದಿನ ಇದನ್ನು ತೆಗೆದುಕೊಳ್ಳಬೇಕು. ಆದರೆ ‘ಇದು ನಾರ್ಮಲ್’ ಎಂದುಕೊಂಡವರು ಪರೀಕ್ಷೆಗೇ ಹೋಗುವುದಿಲ್ಲ.

ಇಂಗ್ಲಿಷ್ ವಾಕ್ಯದಲ್ಲಿ ಬಳಸುವುದು ಹೇಗೆ?

ವ್ಯಾಕರಣದಲ್ಲಿ ‘ನಾರ್ಮಲ್’ ಒಂದು ವಿಶೇಷಣ. ನಾಮಪದದ ಮುಂದೆ ಬರಬಹುದು, ‘ಎ ನಾರ್ಮಲ್ ಪಲ್ಸ್’. ಕ್ರಿಯಾಪದದ ನಂತರವೂ ಬರಬಹುದು, ‘ದ ಪಲ್ಸ್ ಈಸ್ ನಾರ್ಮಲ್’. ಕನ್ನಡ ಮಾತಾಡುವವರು ಎಡವುವ ಕಡೆಗಳು ಇವು.

*ನಾರ್ಮಲ್ ಮತ್ತು ನಾರ್ಮಲಿ.* ಕನ್ನಡದಲ್ಲಿ ‘ನಾರ್ಮಲ್ ಆಗಿ ನಡೀತಾನೆ’ ಎಂದು ‘ಆಗಿ’ ಸೇರಿಸುತ್ತೇವೆ. ಇಂಗ್ಲಿಷಿನಲ್ಲಿ ಆ ಕೆಲಸಕ್ಕೆ ‘ಲಿ’ ಬೇಕು. ‘ಹೀ ಈಸ್ ವಾಕಿಂಗ್ ನಾರ್ಮಲ್’ ತಪ್ಪು, ‘ಹೀ ಈಸ್ ವಾಕಿಂಗ್ ನಾರ್ಮಲಿ’ ಸರಿ. ಆದರೆ ‘ಈಸ್, ಲುಕ್ಸ್, ಫೀಲ್ಸ್, ಸೀಮ್ಸ್’ ಇವುಗಳ ನಂತರ ‘ಲಿ’ ಬೇಡ. ‘ಹೀ ಲುಕ್ಸ್ ನಾರ್ಮಲ್’ ಎಂಬುದೇ ಸರಿ, ಏಕೆಂದರೆ ಅಲ್ಲಿ ವರ್ಣಿಸುತ್ತಿರುವುದು ಅವನನ್ನು, ಅವನ ಕೆಲಸವನ್ನಲ್ಲ.

*ಇನ್ ನಾರ್ಮಲ್?* ‘ಮೈ ಬಿಪಿ ಈಸ್ ಇನ್ ನಾರ್ಮಲ್’ ತಪ್ಪು. ‘ಮೈ ಬಿಪಿ ಈಸ್ ನಾರ್ಮಲ್’ ಎನ್ನಿ, ಇಲ್ಲವೇ ‘ಇನ್ ದ ನಾರ್ಮಲ್ ರೇಂಜ್’ ಎನ್ನಿ. ‘ಇನ್’ ಹಾಕಿದರೆ ಮುಂದೆ ನಾಮಪದವೊಂದು ಬೇಕು.

*ಯಾರಿಗೆ ನಾರ್ಮಲ್?* ‘ಬೇಬೀಸ್ ಆರ್ ನಾರ್ಮಲ್ ಟು ವೇಕ್ ಅಪ್ ಅಟ್ ನೈಟ್’ ತಪ್ಪು. ನಾರ್ಮಲ್ ಆಗಿರುವುದು ಮಕ್ಕಳು ಏಳುವುದು, ಮಕ್ಕಳಲ್ಲ. ಆದ್ದರಿಂದ ‘ಇಟ್ ಈಸ್ ನಾರ್ಮಲ್ ಫಾರ್ ಬೇಬೀಸ್ ಟು ವೇಕ್ ಅಪ್ ಅಟ್ ನೈಟ್’ ಎನ್ನಬೇಕು.

*ವಿರುದ್ಧ ಪದ.* ‘ಅನ್‌ನಾರ್ಮಲ್’ ಎಂದು ಯಾರೂ ಬಳಸುವುದಿಲ್ಲ. ‘ಅಬ್‌ನಾರ್ಮಲ್’ ಎನ್ನಬೇಕು. ರಿಪೋರ್ಟಿಗೆ, ಹೃದಯದ ಬಡಿತಕ್ಕೆ ಈ ಪದ ಸರಿ. ಮನುಷ್ಯರಿಗೆ ಬಳಸಿದರೆ ಬೈಗುಳವಾಗುತ್ತದೆ.

*ನಾಮಪದವಾಗಿ.* ‘ಬ್ಯಾಕ್ ಟು ನಾರ್ಮಲ್’, ‘ಅಬವ್ ನಾರ್ಮಲ್’ ಎನ್ನುವಾಗ ‘ನಾರ್ಮಲ್’ ನಾಮಪದದಂತೆ ಕೆಲಸ ಮಾಡುತ್ತದೆ. ಅದರ ಹಿಂದೆ ‘ದ’ ಬೇಡ. ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ‘ದ ನ್ಯೂ ನಾರ್ಮಲ್’ನಲ್ಲಿ ಮಾತ್ರ ‘ದ’ ಬರುತ್ತದೆ.

*ನಾರ್ಮಲ್ಸಿ ತಪ್ಪೇ?* ಅಲ್ಲ. ಅಮೆರಿಕದ ಅಧ್ಯಕ್ಷರಾದ ವಾರೆನ್ ಹಾರ್ಡಿಂಗ್ 1920ರ ಚುನಾವಣೆಯಲ್ಲಿ ಈ ಪದ ಬಳಸಿ ನಗೆಗೀಡಾದರು, ಅವರೇ ಇದನ್ನು ಹುಟ್ಟಿಸಿದರು ಎಂಬ ಕಥೆಯೂ ಹಬ್ಬಿತು. ಪದ ಅದಕ್ಕೂ ಹಳೆಯದು, 19ನೆಯ ಶತಮಾನದಲ್ಲೇ ಇತ್ತು. ‘ನಾರ್ಮಲ್ಸಿ’, ‘ನಾರ್ಮಾಲಿಟಿ’ ಎರಡೂ ಸರಿ. ನಮ್ಮ ಪತ್ರಿಕೆಗಳು ಇದನ್ನು ‘ಸಹಜ ಸ್ಥಿತಿ’ ಎಂದು ಚೆನ್ನಾಗಿ ಕನ್ನಡಿಸಿವೆ.

*ನಾರ್ಮಲ್ ಪೀಪಲ್.* ‘ನಾವು ಸಾಮಾನ್ಯ ಜನ’ ಎನ್ನಲು ಹೋಗಿ ‘ವಿ ಆರ್ ನಾರ್ಮಲ್ ಪೀಪಲ್’ ಎಂದರೆ ‘ನಮ್ಮ ತಲೆ ಸರಿಯಿದೆ’ ಎಂದಂತೆ ಕೇಳಿಸಬಹುದು. ಅಲ್ಲಿ ‘ಆರ್ಡಿನರಿ ಪೀಪಲ್’ ಎನ್ನಿ. ಅಂಗವಿಕಲ ಮಕ್ಕಳ ಪಕ್ಕದಲ್ಲಿ ಉಳಿದವರನ್ನು ‘ನಾರ್ಮಲ್ ಮಕ್ಕಳು’ ಎನ್ನುವುದನ್ನೂ ಬಿಡಬೇಕು. ಹಾಗೆಂದ ಕೂಡಲೇ ಇನ್ನೊಂದು ಮಗು ‘ನಾರ್ಮಲ್ ಅಲ್ಲ’ ಎಂದಾಗುತ್ತದೆ. ‘ಅಂಗವೈಕಲ್ಯ ಇಲ್ಲದ ಮಕ್ಕಳು’ ಎಂದರೆ ಯಾರಿಗೂ ನೋವಿಲ್ಲ.

ಲ್ಯಾಬ್ ರಿಪೋರ್ಟಿನ ‘ನಾರ್ಮಲ್’ ಏನು ಹೇಳುತ್ತದೆ?

ರಿಪೋರ್ಟಿನಲ್ಲಿ ನಿಮ್ಮ ಸಂಖ್ಯೆಯ ಪಕ್ಕ ಇನ್ನೊಂದು ಕಾಲಂ ಇರುತ್ತದೆ. ‘ನಾರ್ಮಲ್ ರೇಂಜ್’ ಅಥವಾ ‘ರೆಫರೆನ್ಸ್ ರೇಂಜ್’ ಎಂದು ಬರೆದಿರುತ್ತಾರೆ. ಹೆಚ್ಚಿನ ಪರೀಕ್ಷೆಗಳಲ್ಲಿ ಇದನ್ನು ನಿಗದಿ ಮಾಡುವ ರೀತಿ ಹೀಗೆ. ಆರೋಗ್ಯವಂತರ ಒಂದು ಗುಂಪನ್ನು ಪರೀಕ್ಷಿಸಿ, ಅವರಲ್ಲಿ ನಡುವಿನ 95% ಮಂದಿಯ ಫಲಿತಾಂಶ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಇದೆ ಎಂದು ನೋಡುತ್ತಾರೆ.

ಇದರಿಂದ ಎರಡು ವಿಷಯ ಹೊರಡುತ್ತವೆ. ಮೊದಲನೆಯದು, ಆರೋಗ್ಯವಂತ 20 ಮಂದಿಯಲ್ಲಿ ಒಬ್ಬರು ಈ ಮಿತಿಯ ಹೊರಗೇ ಇರುತ್ತಾರೆ. ಒಬ್ಬ ಆರೋಗ್ಯವಂತನಿಗೆ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ ಕನಿಷ್ಠ ಒಂದಾದರೂ ‘ಅಬ್‌ನಾರ್ಮಲ್’ ಬರುವ ಸಾಧ್ಯತೆ ಸುಮಾರು 64%. ‘ಫುಲ್ ಬಾಡಿ ಚೆಕಪ್’ ಪ್ಯಾಕೇಜ್ ಮಾಡಿಸಿದವರ ರಿಪೋರ್ಟಿನಲ್ಲಿ ಒಂದೆರಡು ಸಂಖ್ಯೆ ದಪ್ಪ ಅಕ್ಷರದಲ್ಲಿ ಕಂಡರೆ ಗಾಬರಿಯಾಗಬೇಕಿಲ್ಲ ಎನ್ನುವುದು ಇದಕ್ಕೇ. ವೈದ್ಯರಿಗೆ ತೋರಿಸಿದರೆ ಸಾಕು.

ಎರಡನೆಯದು, ಮಿತಿಯ ಒಳಗಿದ್ದರೂ ತೊಂದರೆ ಇರಬಹುದು. ಹೋದ ವರ್ಷ 16.5 ಇದ್ದ ಗಂಡಸಿನ ಹಿಮೋಗ್ಲೋಬಿನ್ ಈ ವರ್ಷ 13.2 ಆಗಿದ್ದರೆ ರಿಪೋರ್ಟ್ ‘ನಾರ್ಮಲ್’ ಎನ್ನುತ್ತದೆ. ಆದರೆ ಇಷ್ಟು ಇಳಿದದ್ದೇಕೆ, ಒಳಗೆಲ್ಲಾದರೂ ರಕ್ತ ಹೋಗುತ್ತಿದೆಯೇ ಎಂದು ವೈದ್ಯರು ಕೇಳಲೇಬೇಕು. ಹಳೆಯ ರಿಪೋರ್ಟುಗಳನ್ನು ಕಾಪಾಡಿ ಇಡಬೇಕಾದದ್ದು ಇಂಥ ಹೋಲಿಕೆಗಾಗಿ.

ಎದೆನೋವು ಬಂದಾಗಿನ ಇಸಿಜಿಯಲ್ಲಂತೂ ಈ ಎಚ್ಚರ ಹೆಚ್ಚು ಬೇಕು. ಹೃದಯಾಘಾತದ ಆರಂಭದಲ್ಲಿ ತೆಗೆದ ಇಸಿಜಿ ಕೆಲವರಲ್ಲಿ ನಾರ್ಮಲ್ ಬರುತ್ತದೆ. ಆದ್ದರಿಂದಲೇ ಸ್ವಲ್ಪ ಹೊತ್ತಿನ ನಂತರ ಮತ್ತೊಂದು ಇಸಿಜಿ ತೆಗೆಯುತ್ತಾರೆ, ರಕ್ತದಲ್ಲಿ ಟ್ರೋಪೋನಿನ್ ಪರೀಕ್ಷೆ ಮಾಡುತ್ತಾರೆ. “ಇಸಿಜಿ ನಾರ್ಮಲ್ ಬಂತು, ಗ್ಯಾಸ್ ಇರಬೇಕು” ಎಂದು ಎದೆನೋವು ಇರುವಾಗಲೇ ಮನೆಗೆ ಹೊರಡುವುದು ಅಪಾಯ.

ಸಲೈನ್, ಹೆರಿಗೆ, ಜ್ವರ: ಮೂರು ‘ನಾರ್ಮಲ್’ಗಳು

‘ನಾರ್ಮಲ್ ಸಲೈನ್’ ಎಂದರೆ 0.9% ಉಪ್ಪಿನ ನೀರು. ಅರ್ಧ ಲೀಟರ್ ಬಾಟಲಿಯಲ್ಲಿ 4.5 ಗ್ರಾಂ ಉಪ್ಪು, ಉಳಿದದ್ದು ನೀರು. ಹೆಸರು ‘ನಾರ್ಮಲ್’ ಆದರೂ ರಕ್ತದ ರಾಸಾಯನಿಕ ಪ್ರಮಾಣ ಇದರಲ್ಲಿಲ್ಲ. ಸಲೈನಿನಲ್ಲಿ ಸೋಡಿಯಂ ಲೀಟರಿಗೆ 154 ಮಿಲಿಮೋಲ್, ರಕ್ತದಲ್ಲಿ 135ರಿಂದ 145. “ಭಾಳ ಸುಸ್ತ್ ಆಗ್ಯದ, ಒಂದ್ ಸಲೈನ್ ಹಚ್ಚರಿ” ಎಂದು ಕೇಳಿ ಹಾಕಿಸಿಕೊಳ್ಳುವವರು ನಮ್ಮಲ್ಲಿ ಬಹಳ. ಶಕ್ತಿ ಕೊಡುವ ಒಂದು ಕ್ಯಾಲೊರಿಯೂ ಅದರಲ್ಲಿಲ್ಲ. ವಾಂತಿಭೇದಿಯಿಂದ ದೇಹ ತೀರಾ ಒಣಗಿದವರಿಗೆ, ಬಾಯಲ್ಲಿ ಕುಡಿಯಲಾಗದವರಿಗೆ ಸಲೈನ್ ಜೀವ ಉಳಿಸುತ್ತದೆ. ರಕ್ತಹೀನತೆಯಿಂದ ಸುಸ್ತಾದವರಿಗೆ ಅದರಿಂದ ಏನೂ ಆಗುವುದಿಲ್ಲ.

‘ನಾರ್ಮಲ್ ಡೆಲಿವರಿ’ ಎಂಬಲ್ಲಿ ನಾವು ಹೇಳಬೇಕೆಂದಿರುವುದು ಯೋನಿಮಾರ್ಗದ ಹೆರಿಗೆ. ಸಿಸೇರಿಯನ್ ಆದ ತಾಯಿ ‘ಅಬ್‌ನಾರ್ಮಲ್’ ಅಲ್ಲ, ಆಕೆ ಸೋತವಳೂ ಅಲ್ಲ. ‘ನಾರ್ಮಲ್ಲೇ ಆಗಬೇಕು’ ಎಂದು ಮನೆಯವರು ಹಟ ಹಿಡಿದು, ಅಗತ್ಯವಿದ್ದಾಗಲೂ ಸಿಸೇರಿಯನ್‌ಗೆ ತಡಮಾಡಿದರೆ ತಾಯಿ ಮಗು ಇಬ್ಬರಿಗೂ ಅಪಾಯ. ಅಗತ್ಯವಿಲ್ಲದೆ ಮಾಡುವ ಸಿಸೇರಿಯನ್ ಕೂಡ ಒಳ್ಳೆಯದಲ್ಲ. ಎರಡನ್ನೂ ತೀರ್ಮಾನಿಸಬೇಕಾದದ್ದು ತಾಯಿ ಮಗುವಿನ ಸ್ಥಿತಿ.

ಜ್ವರದ ವಿಷಯಕ್ಕೆ ಬಂದರೆ, 98.6 ಡಿಗ್ರಿ ಫ್ಯಾರನ್‌ಹೀಟ್ ನಾರ್ಮಲ್ ಎಂಬುದು 1868ರಲ್ಲಿ ಜರ್ಮನಿಯ ವೈದ್ಯ ಕಾರ್ಲ್ ವುಂಡರ್‌ಲಿಶ್ ಸುಮಾರು 25,000 ರೋಗಿಗಳ ಉಷ್ಣಾಂಶ ಅಳೆದು ಹೇಳಿದ ಸರಾಸರಿ. 1992ರಲ್ಲಿ ಅಮೆರಿಕದಲ್ಲಿ 148 ಆರೋಗ್ಯವಂತರನ್ನು ಪರೀಕ್ಷಿಸಿದಾಗ ಸಿಕ್ಕ ಸರಾಸರಿ 98.2. ದೇಹದ ಉಷ್ಣಾಂಶ ಬೆಳಿಗ್ಗೆ ಕಡಿಮೆ, ಸಂಜೆ ಹೆಚ್ಚು ಇರುತ್ತದೆ. 99 ಕಂಡ ಕೂಡಲೇ ಮಾತ್ರೆ ನುಂಗುವ ಅಗತ್ಯವಿಲ್ಲ. ಸಾಮಾನ್ಯವಾಗಿ 100.4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜ್ವರ ಎನ್ನುತ್ತಾರೆ.

ನಾರ್ಮಲ್ ಮಳೆ ಆದರೂ ತೊಗರಿ ಒಣಗುವುದೇಕೆ?

ಹವಾಮಾನದಲ್ಲಿ ‘ನಾರ್ಮಲ್’ಗೆ ‘ಒಳ್ಳೆಯದು’ ಎಂಬ ಅರ್ಥ ಸ್ವಲ್ಪವೂ ಇಲ್ಲ. ಅದು ಹಲವು ವರ್ಷಗಳ, ಸಾಮಾನ್ಯವಾಗಿ 30 ವರ್ಷಗಳ ಸರಾಸರಿ. ಕನ್ನಡದಲ್ಲಿ ಇದಕ್ಕೆ ‘ವಾಡಿಕೆ ಮಳೆ’ ಎಂಬ ಸರಿಯಾದ ಪದ ಮೊದಲಿಂದಲೂ ಇದೆ. ಭಾರತ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ಜಿಲ್ಲೆಯ ಮಳೆ ವಾಡಿಕೆಗಿಂತ 19% ಕಡಿಮೆಯಿಂದ 19% ಹೆಚ್ಚಿನವರೆಗೆ ಇದ್ದರೆ ‘ನಾರ್ಮಲ್’. ಒಂದು ತಿಂಗಳ ವಾಡಿಕೆ ಮಳೆ 100 ಮಿಲಿಮೀಟರ್ ಎಂದಿಟ್ಟುಕೊಳ್ಳಿ. 81 ಬಿದ್ದರೂ ನಾರ್ಮಲ್, 119 ಬಿದ್ದರೂ ನಾರ್ಮಲ್. ಅಷ್ಟೂ ಮಳೆ ಎರಡೇ ದಿನದಲ್ಲಿ ಸುರಿದು ಉಳಿದ 28 ದಿನ ಬರಿ ಬಿಸಿಲಿದ್ದರೂ ಲೆಕ್ಕದಲ್ಲಿ ನಾರ್ಮಲ್ಲೇ. ಜೇವರ್ಗಿ, ಆಳಂದ, ಅಫಜಲಪುರದ ತೊಗರಿ ಬೆಳೆಗಾರರಿಗೆ ಮುಖ್ಯವಾದದ್ದು ಮಳೆ ಯಾವಾಗ ಬಂತು ಎಂಬುದು. ತಿಂಗಳ ಸರಾಸರಿಗೆ ಅದು ಗೊತ್ತಿಲ್ಲ.

ಬಿಸಿಲಿಗೂ ಇದೇ ಮಾತು. ಬಯಲು ಸೀಮೆಯಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಬಿಸಿಗಾಳಿ ಎಂದು ಪರಿಗಣಿಸುತ್ತಾರೆ. 45 ಡಿಗ್ರಿ ಮುಟ್ಟಿದರೆ ವಾಡಿಕೆ ಎಷ್ಟೇ ಇದ್ದರೂ ಬಿಸಿಗಾಳಿಯೇ. ವಾಡಿಕೆ ಗರಿಷ್ಠ 41 ಇರುವ ಊರಿನಲ್ಲಿ 42 ಡಿಗ್ರಿ ‘ಹೆಚ್ಚು ಕಡಿಮೆ ನಾರ್ಮಲ್’. ಆದರೆ ನಡುಮಧ್ಯಾಹ್ನ ಹೊಲದಲ್ಲಿ ದುಡಿಯುವ ದೇಹಕ್ಕೆ ಆ 42 ಡಿಗ್ರಿ ಸುರಕ್ಷಿತವಲ್ಲ. ನೀರು, ನೆರಳು, ವಿಶ್ರಾಂತಿ ಬೇಕೇ ಬೇಕು.

ಹಾಗಾದರೆ ಏನು ಕೇಳಬೇಕು?

‘ನಾರ್ಮಲ್’ ಎಂಬ ಪದವನ್ನು ಬಿಡಬೇಕಿಲ್ಲ. ಅದರ ಜೊತೆಗೆ ಇಷ್ಟು ಕೇಳಿ:

1. ಯಾವ ಪರೀಕ್ಷೆ ನಾರ್ಮಲ್ ಬಂದಿದೆ? ನನ್ನ ತೊಂದರೆಗೂ ಆ ಪರೀಕ್ಷೆಗೂ ಸಂಬಂಧ ಇದೆಯೇ?
2. ನನ್ನ ಸಂಖ್ಯೆ ಎಷ್ಟು, ನನ್ನ ವಯಸ್ಸಿಗೆ ಎಷ್ಟಿರಬೇಕು? ಗರ್ಭಿಣಿಯಾದರೆ ಎಷ್ಟಿರಬೇಕು?
3. ಹೋದ ಸಲಕ್ಕಿಂತ ಏರಿದೆಯೇ, ಇಳಿದಿದೆಯೇ?
4. ತೊಂದರೆ ಹೀಗೇ ಮುಂದುವರಿದರೆ ಮತ್ತೆ ಯಾವಾಗ ಬರಬೇಕು?

ಯಾರಾದರೂ “ಈ ವಯಸ್ಸಿಗೆ ಇದೆಲ್ಲ ನಾರ್ಮಲ್” ಎಂದಾಗ, ಅವರು ಹೇಳುತ್ತಿರುವುದು ‘ಬಹಳ ಜನರಿಗೆ ಹೀಗಾಗುತ್ತದೆ’ ಎಂದೋ ‘ಇದು ಹೀಗೇ ಇರಬೇಕು’ ಎಂದೋ ಯೋಚಿಸಿ. ಮೊದಲನೆಯದಾದರೆ ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ತಿಂಗಳುಗಟ್ಟಲೆ ಸುಸ್ತಾಗುತ್ತಿರುವ ಮಹಿಳೆ ನಿಮ್ಮ ಮನೆಯಲ್ಲಿದ್ದರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಆಶಾ ಕಾರ್ಯಕರ್ತೆಯನ್ನು ಕೇಳಿದರೂ ದಾರಿ ಹೇಳುತ್ತಾರೆ.